ಜೀಪಿಗೆ ನೀರು ಕುಡಿಸಿದ್ದು

ಮೊನ್ನೆ ಸಂಜೆ ಹಿಂದೂಪುರದ ಬೆಲ್ಲದ ಮಂಡಿಗಳ ಹಿಂದಿನ ಸಂದಿಯಲ್ಲಿ ಬರುತ್ತಿದ್ದೆ. ಆ ಸಂದಿಯಲ್ಲಿ ಕಣ್ಣಿಗಿಂತ ಮೂಗಿಗೆ ಕೆಲಸ ಜಾಸ್ತಿ. ಬೆಲ್ಲ, ಹುಣಸೆಹಣ್ಣು, ಒದ್ದೆ ಗೋಣಿ, ಎತ್ತಿನ ಗಂಜಲ, ಎಲ್ಲವೂ ಒಂದರ ಹಿಂದೆ ಒಂದು ಬಂದು ಮಾತಾಡಿಸಿ ಹೋಗುತ್ತವೆ. ಮೊನ್ನೆ ಅವುಗಳ ನಡುವೆ ಇನ್ನೊಂದು ವಾಸನೆ ನುಗ್ಗಿ ಬಂತು. ಸ್ವಲ್ಪ ಕೂದಲು ಸುಟ್ಟ ಹಾಗೆ, ಸ್ವಲ್ಪ ರಬ್ಬರು ಕಾದ ಹಾಗೆ. ಯಾರೋ ಹೊಸಬ ಕ್ಲಚ್ಚಿನ ಮೇಲೆ ಕಾಲಿಟ್ಟವನು ತೆಗೆಯುವುದನ್ನು ಮರೆತಿದ್ದ. ಗಾಡಿ ಎಲ್ಲಿದೆ ಎಂದು ನೋಡುವ ಮೊದಲೇ ನಾನು ನಿಂತುಬಿಟ್ಟೆ. ಎರಡು ಕೈಯ ಹೆಬ್ಬೆರಳುಗಳೂ ಮುಷ್ಟಿಯಿಂದ ತಾವಾಗಿ ಹೊರಗೆ ಬಂದು ನೆಟ್ಟಗೆ ನಿಂತವು. ಕೈಯಲ್ಲಿದ್ದ ಚೀಲ ಬಿತ್ತು. ಬದನೆಕಾಯಿ ಚರಂಡಿಯ ಪಾಲಾಯಿತು.

ಮನೆಯಲ್ಲಿ ಬದನೆಕಾಯಿಯ ವಿಚಾರ ವಿವರಿಸುವುದು ಕಷ್ಟವಾಯಿತು. ನಿಮಗಾದರೂ ಹೇಳುತ್ತೇನೆ, ಕೇಳಿ.

ನನಗೆ ಬರುವ ವಿದ್ಯೆ ಒಂದೇ, ಕಂಡವರ ದನಿ ತೆಗೆಯುವುದು. ಮಂಡಿ ಸಾಹುಕಾರರು ಆಕಳಿಸುತ್ತಲೇ 'ಶಿವ ಶಿವಾ' ಎನ್ನುವಾಗ ಮೊದಲನೆಯ ಶಿವ ಒಳಗೆ ಹೋಗಿ ಎರಡನೆಯ ಶಿವ ಹೊರಗೆ ಬರುತ್ತಾನೆ. ಅದನ್ನು ಅವರಿಗಿಂತ ಚೆನ್ನಾಗಿ ನಾನು ಮಾಡುತ್ತೇನೆ. ನಮ್ಮ ಮೇಷ್ಟರು ಬೆತ್ತ ಹುಡುಕುವ ಮೊದಲು ಮೂಗು ಸರಿಮಾಡಿಕೊಳ್ಳುವ ಸದ್ದು, ಚಳಿಗಾಲದ ಬೆಳಿಗ್ಗೆ ಜೀಪು ಕೆಮ್ಮುವ ಸದ್ದು, ಎರಡಕ್ಕೂ ವ್ಯತ್ಯಾಸ ಕಡಿಮೆ, ಎರಡೂ ನನ್ನ ಹತ್ತಿರ ಇವೆ. ಇಂಥ ವಿದ್ಯೆಯಿಂದ ಹೊಟ್ಟೆ ತುಂಬುವುದಿಲ್ಲ ಎಂದು ಮನೆಯವರೆಲ್ಲ ಒಮ್ಮತದಿಂದ ತೀರ್ಮಾನಿಸಿದಾಗ ನನ್ನನ್ನು ಕೈಗೆತ್ತಿಕೊಂಡವನು ಮಾವ, ಅಮ್ಮನ ತಮ್ಮ.

ಮಾವ ಯುದ್ಧದಲ್ಲಿ ಎಲ್ಲೋ ಪೂರ್ವದ ಕಾಡುಗಳಲ್ಲಿ ಮಿಲಿಟರಿ ಲಾರಿ ಓಡಿಸಿ, ಒಂದು ಮೀಸೆಯನ್ನೂ ದೊಡ್ಡ ಗಂಟಲನ್ನೂ ಸಂಪಾದಿಸಿಕೊಂಡು ಬಂದಿದ್ದ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಒಂದು ಜೀಪನ್ನು ಸಾಹುಕಾರರು ಕೊಂಡರು. ಅದಕ್ಕೆ ಬಾಗಿಲಿಲ್ಲ, ಸ್ಟೇರಿಂಗು ಎಡಗಡೆಗೆ, ಮೂತಿಯ ಮೇಲೆ ಕೆರೆದರೂ ಹೋಗದ ಒಂದು ನಕ್ಷತ್ರ. ಮಾವ ಅದರ ಡ್ರೈವರಾದ. ಜೀಪಿನ ಬಗ್ಗೆ ತನಗೆ ತಿಳಿಯದ್ದು ಯಾವುದೂ ಇಲ್ಲವೆಂದು ಅವನೇ ಊರೆಲ್ಲ ಹೇಳಿದ್ದರಿಂದ ಬೇರೆಯವರು ಹೇಳುವ ಶ್ರಮ ತಪ್ಪಿತ್ತು.

"ಲೋ ಕೋತಿ," ಎಂದ ಒಂದು ದಿನ, "ಒಂದ್ ಕಡೆ ಕೂತ್ಕಂಡ್ ಮಾಡೋ ಕೆಲ್ಸ ನಿನ್ ಕೈಲಿ ಆಗಾಕಿಲ್ಲ. ಕೂತ್ಕಂಡೇ ಓಡೋ ಕೆಲ್ಸ ಕಲ್ತ್ಕೋ, ಬಾ."

ಅವನ ಪಾಠಶಾಲೆ ಊರಾಚೆಯ ಒಣಗಿದ ಕೆರೆಯಂಗಳ. ಒಂದು ಪಕ್ಕ ಮರಳು, ಒಂದು ಪಕ್ಕ ಬಿರುಕುಬಿಟ್ಟ ಕೆಸರು, ಏರಿಯ ಕಡೆ ಕಲ್ಲು ಮತ್ತು ಇಳಿಜಾರು. ರಸ್ತೆ ಇರುವಾಗ ಇಲ್ಲೇಕೆ ಎಂದು ಕೇಳಿದೆ. "ರಸ್ತೆ ಅದರ ಪಾಡಿಗೆ ಅದು ನಿನ್ನ ಕರ್ಕಂಡ್ ಹೋಯ್ತದೆ. ರಸ್ತೆ ಇಲ್ದಿದ್ ಕಡೆ ನೀನೇ ಜೀಪ್ನ ಕರ್ಕಂಡ್ ಹೋಗ್ಬೇಕು ಕಣ್ಲಾ," ಎಂದ. ಸಾಹುಕಾರರಿಗೆ ಕಡಲೆಕಾಯಿ ಸಿಗುತ್ತಿದ್ದ ಹಳ್ಳಿಗಳಿಗೆ ರಸ್ತೆ ಎಂಬುದು ಇರಲಿಲ್ಲ, ಅದು ನಿಜ.

ಮೊದಲನೆಯ ಪಾಠದಲ್ಲಿ ಜೀಪನ್ನು ಮುಟ್ಟಗೊಡಲೇ ಇಲ್ಲ. ಕೆರೆಯಂಗಳವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿಸಿದ. ಎಲ್ಲಿ ಹಿಮ್ಮಡಿ ಹೂತುಕೊಳ್ಳುತ್ತದೋ ಅಲ್ಲಿ ಟೈರೂ ಹೂತುಕೊಳ್ಳುತ್ತದೆ. ಮೊದಲು ಇಳಿದು ನಡೆದು ನೋಡು, ಆಮೇಲೆ ಹತ್ತು. ಎರಡನೆಯದು ಹೆಬ್ಬೆರಳಿನ ಪಾಠ. ಸ್ಟೇರಿಂಗಿನ ಬಳೆಯೊಳಗೆ ಹೆಬ್ಬೆರಳು ಹಾಕಿ ಹಿಡಿಯಬಾರದು. ಮುಂದಿನ ಚಕ್ರ ಕಲ್ಲಿಗೆ ತಗುಲಿದರೆ ಬಳೆ ಗಿರ್ರನೆ ತಾನಾಗಿ ತಿರುಗಿ ಬೆರಳನ್ನು ಕಡ್ಡಿಯ ಹಾಗೆ ಮುರಿಯುತ್ತದೆ. ನಾನು ಮರೆತಾಗಲೆಲ್ಲ ಮಾವ ಒಂದು ತಂಗಡಿ ಗಿಡದ ಬರಲಿನಿಂದ ಆ ಬೆರಳಿಗೇ ಹೊಡೆಯುತ್ತಿದ್ದ. ಇಳಿಜಾರಿದ್ದರೆ ನೆಟ್ಟಗೆ ಇಳಿ, ಅಡ್ಡ ತಿರುಗಿಸಿದರೆ ಉರುಳುತ್ತೀಯ. ಇಳಿಯುವ ಮೊದಲೇ ಸಣ್ಣ ಗೇರಿಗೆ ಹಾಕು, ನಡುವೆ ಕ್ಲಚ್ಚು ತುಳಿಯಬೇಡ. ಮರಳಿನಲ್ಲಿ ಚಕ್ರ ಸುಮ್ಮನೆ ತಿರುಗುತ್ತಿದೆ ಅನ್ನಿಸಿದರೆ ಕಾಲು ತೆಗೆ. ಗುರ್ರೆನ್ನಿಸಿದಷ್ಟೂ ನಿನ್ನ ಗುಂಡಿಯನ್ನು ನೀನೇ ತೋಡಿಕೊಳ್ಳುತ್ತೀಯ. ಗೊತ್ತಿಲ್ಲದ ನೆಲದಲ್ಲಿ ಎತ್ತಿನಗಾಡಿಯ ಜಾಡು ಹಿಡಿ, ಎತ್ತು ಕೆಟ್ಟ ನೆಲದಲ್ಲಿ ಕಾಲಿಡುವುದಿಲ್ಲ. ಈ ಕೊನೆಯದನ್ನು ಹೇಳುವಾಗ ಅವನ ದನಿಯಲ್ಲಿ ಹೆಮ್ಮೆ ಇರುತ್ತಿತ್ತು, ಏಕೆಂದರೆ ನಮ್ಮದು ಗಾಡಿ ಹೊಡೆದ ವಂಶ. ಅವನ ಅಪ್ಪ, ಅಂದರೆ ನನ್ನ ಅಜ್ಜ, ಕುಂದುರ್ಪಿ ಕಡೆಯಿಂದ ಕಲ್ಯಾಣದುರ್ಗಕ್ಕೆ ಗಾಡಿ ಹೊಡೆದೇ ಬದುಕು ಕಳೆದವನು.

ಇವೆಲ್ಲ ಹೇಗೋ ಸಹಿಸಿಕೊಂಡೆ. ಸಹಿಸಲಾಗದ ಪಾಠ ಇನ್ನೊಂದಿತ್ತು. ಮಾವ ಜೀಪಿನ ಮುಂದೆ ಕೊಡೆ ಬಿಚ್ಚಿಕೊಂಡು, ಮದುವೆಗೆ ಹೊರಟವನಂತೆ ನಿಧಾನವಾಗಿ ನಡೆಯುತ್ತಿದ್ದ. ನಾನು ಅವನ ಹಿಂದೆ ಓಡಿಸಬೇಕು. "ನನ್ ಹೆಜ್ಜೆಗೆ ಸರಿಯಾಗ್ ಬಾ. ನಾನ್ ತಿರುಗಿ ನೋಡಾಕಿಲ್ಲ." ತಿರುಗಿ ನೋಡುತ್ತಲೂ ಇರಲಿಲ್ಲ. ಆ ಬೆನ್ನನ್ನು ನೋಡುತ್ತ, ಅರ್ಧ ತುಳಿದ ಕ್ಲಚ್ಚು ಸುಡುವ ವಾಸನೆ ಕುಡಿಯುತ್ತ, ಅತ್ತೆಯ ಮುಖವನ್ನು ನೆನೆಯುತ್ತ ನಾನು ಕಲಿತೆ. ಇಷ್ಟು ಭಯಪಟ್ಟು ಕಲಿತ ವಿದ್ಯೆ ಬೇರೊಂದಿಲ್ಲ.

ಆಗಲೇ ಅಜ್ಜಿಯ ಕಣ್ಣಿನ ಮಾತು ಬಂತು.

ಅಜ್ಜಿ, ಮಾವನ ತಾಯಿ, ಕುಂದುರ್ಪಿ ಕಡೆಯ ಹಳ್ಳಿಯಲ್ಲಿ ದೊಡ್ಡ ಮಗನ ಮನೆಯಲ್ಲಿದ್ದಳು. ಎಡಗಣ್ಣು ಮಂಜು, ಬೆಳಕು ಯಾವುದು ಕತ್ತಲೆ ಯಾವುದು ಎಂದು ತಿಳಿಯುವಷ್ಟು ಮಾತ್ರ. ಬಲಗಣ್ಣಿಗೆ ಪೊರೆ ಬಲಿತು ಮುಚ್ಚಿಯೇ ಹೋಗಿತ್ತು. ನಾನು ಹೋದಾಗಲೆಲ್ಲ ಪೋಸ್ಟಿನವನ ದನಿಯಲ್ಲೋ ಅಯ್ಯನವರ ದನಿಯಲ್ಲೋ ಅವಳನ್ನು ಕರೆಯುತ್ತಿದ್ದೆ. ಅವಳು ನನ್ನ ತಲೆಯ ಎಣ್ಣೆಯ ವಾಸನೆ ಹಿಡಿದು, "ಅಯ್ಯನೋರು ಯಾವಾಗ್ನಿಂದಪ್ಪ ಸಂಪಿಗೆ ಎಣ್ಣೆ ಹಚ್ತಾರೆ?" ಎಂದು ಮಾನ ತೆಗೆಯುತ್ತಿದ್ದಳು. ನನ್ನ ಮುಖವನ್ನು ಅವಳು ಸರಿಯಾಗಿ ನೋಡಿದ್ದು ನಾನು ಚಡ್ಡಿ ಹಾಕುವ ಕಾಲಕ್ಕೆ.

ಕಲ್ಯಾಣದುರ್ಗದ ಒಂದು ಛತ್ರಕ್ಕೆ ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರೊಬ್ಬರು ಬರುತ್ತಿದ್ದರು. ಮಧ್ಯಾಹ್ನದೊಳಗೆ ಮುಟ್ಟಿದವರ ಕಣ್ಣು ನೋಡುತ್ತಿದ್ದರು. ತಡವಾದವರು ಮುಂದಿನ ವರ್ಷ. ಹಿಂದಿನ ವರ್ಷ ಅಜ್ಜಿ ಎತ್ತಿನಗಾಡಿಯಲ್ಲಿ ಹೊರಟಿದ್ದಳು. ದಾರಿಯಲ್ಲಿ ಗಾಡಿಯ ಚಕ್ರದ ಪಟ್ಟಿ ಬಿಚ್ಚಿಕೊಂಡು, ಇಳಿದು ಮರದಡಿ ಕೂತು, ಛತ್ರ ಮುಟ್ಟುವಾಗ ಬಾಗಿಲು ಹಾಕಿತ್ತು. ಪೊರೆ ಇನ್ನೂ ಒಂದು ವರ್ಷ ಬಿಟ್ಟರೆ ಆಮೇಲೆ ಆ ಕಣ್ಣಿಗೆ ಯಾರೂ ಕೈ ಹಾಕುವುದಿಲ್ಲ ಎಂದು ಅಲ್ಲಿಯ ಕಾಂಪೌಂಡರು ಹೇಳಿ ಕಳಿಸಿದ್ದರು. ಆ ಒಂದು ವರ್ಷ ಈಗ ಮುಗಿದಿತ್ತು. ಮಾವ ಸಾಹುಕಾರರ ಕಾಲು ಹಿಡಿದು ಜೀಪು ತಂದ. ನಾವಿಬ್ಬರೂ ಹಿಂದಿನ ದಿನವೇ ಹಳ್ಳಿ ಸೇರಿದೆವು.

ಬೆಳಿಗ್ಗೆ ತೆಂಗಿನಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೌದಿಗಳ ನಡುವೆ ಕೂರಿಸಿದೆವು. ಕೂತವಳೇ ಕರಾರು ಹಾಕಿದಳು. "ಕಲ್ಯಾಣದುರ್ಗದಾಗೇ ನಾನ್ ಕೆಳಕ್ ಕಾಲಿಡಾದು. ಹೋದ್ ಸಲ ನಡುದಾರೀಲಿ ಇಳ್ದೆ, ಬಂದ ಕೆಲ್ಸನೂ ಅಲ್ಲೇ ಇಳ್ದೋಯ್ತು." ನಮ್ಮ ಕಡೆ ಇದು ಎಲ್ಲರಿಗೂ ಇರುವ ನಂಬಿಕೆ. ಶುಭಕ್ಕೆ ಹೊರಟವರು ನಡುವೆ ನೆಲ ಮುಟ್ಟಬಾರದು.

ರಾತ್ರಿಯ ಚಳಿಗೆ ಬ್ಯಾಟರಿ ಸತ್ತಿತ್ತು. ಮಾವ ಮುಂದೆ ಹ್ಯಾಂಡಲು ಸಿಕ್ಕಿಸಿ ತಿರುಗಿಸಲು ನಿಂತ. ಆ ಹ್ಯಾಂಡಲನ್ನೂ ಹೆಬ್ಬೆರಳು ಸುತ್ತದೆ ಹಿಡಿಯಬೇಕು. ಇಂಜಿನ್ನು ಹಿಂದಕ್ಕೆ ಒದ್ದರೆ ಕೈ ಹೋಗುತ್ತದೆ. ಇದನ್ನು ನನಗೆ ಬರಲಿನಿಂದ ಕಲಿಸಿದವನೇ ಅವನು. ಊರ ಜನ ಸುತ್ತ ನೆರೆದಿದ್ದರಿಂದಲೋ ಏನೋ, ಮೀಸೆ ತಿರುವಿ ಹ್ಯಾಂಡಲನ್ನು ಮುಷ್ಟಿ ತುಂಬ ಹಿಡಿದ. ಇಂಜಿನ್ನು ಒದ್ದಿತು. ಹಸಿ ಕಡ್ಡಿ ಮುರಿದಂಥ ಒಂದು ಸದ್ದು.

"ಏನ್ಲಾ ಅದು?" ಎಂದಳು ಅಜ್ಜಿ ಒಳಗಿನಿಂದ.

"ಏನಿಲ್ಲ ಕಣವ್ವ. ಇಂಜಿನ್ನು," ಎಂದ ಮಾವ. ಅಷ್ಟು ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ದನಿ. ಅದನ್ನು ನಾನು ಈಗಲೂ ತೆಗೆಯಬಲ್ಲೆ, ಆದರೆ ತೆಗೆದಾಗ ಯಾರೂ ನಗುವುದಿಲ್ಲ.

ಮಣಿಕಟ್ಟು ನೋಡುನೋಡುತ್ತಿದ್ದಂತೆ ಊದಿಕೊಂಡಿತು. ಟವೆಲಿನಲ್ಲಿ ಕೈಯನ್ನು ಎದೆಗೆ ಕಟ್ಟಿದೆವು. ಮಾವ ಬಿಳಿಚಿಕೊಂಡ ಮುಖದಿಂದ, "ನೀನೇ ಓಡ್ಸು," ಎಂದ. ನಾನು ಹಿಂದೆ ತಿರುಗಿ ನೋಡಿದೆ, ಯಾರಿಗೆ ಹೇಳುತ್ತಿದ್ದಾನೆ ಎಂದು. ಹಿಂದೆ ಒಂದು ಎಮ್ಮೆ ಮಾತ್ರ ಇತ್ತು.

"ಬ್ಯಾಡ ಮಾವ. ಗಾಡಿ ಕಟ್ಸಾಣ."

"ಗಾಡಿ ಸಂಜೀಕ್ ಮುಟ್ತದೆ. ಆಮೇಲ್ ಅವ್ವನ ಕಣ್ಣು?" ಎಂದ.

ನಾನು ಸ್ಟೇರಿಂಗಿನ ಹಿಂದೆ ಹತ್ತಿ ಕೂತೆ. ಊರ ಜನ ಜೀಪನ್ನು ತಳ್ಳಿದರು, ಅದು ಕೆಮ್ಮಿ ಕೆಮ್ಮಿ ಜೀವ ಹಿಡಿಯಿತು. "ಎಲ್ಲೂ ಇಂಜಿನ್ ನಿಲ್ಸಬ್ಯಾಡ, ನಿಂತ್ರೆ ತಳ್ಳೋರಿಲ್ಲ," ಎಂದು ಮಾವ ಹಿಂದೆ ಹತ್ತಿ, ಗಟ್ಟಿಯಿದ್ದ ಕೈಯಿಂದ ಅಜ್ಜಿಯನ್ನು ಹಿಡಿದು ಕೂತ. ಬಾಗಿಲಿಲ್ಲದ ಜೀಪು ನೋಡಿ, ಬಿದ್ದರೆ ಬಿದ್ದರು.

ಕೆಮ್ಮಣ್ಣಿನ ಹೊಲಗಳ ನಡುವೆ, ಕಳ್ಳಿ ಬೇಲಿಗಳ ಸಂದಿಯಲ್ಲಿ, ಗುಡ್ಡದ ಬುಡದ ಕಲ್ಲುಗಳ ಮೇಲೆ ನಾನು ಆ ದಿನ ಹೇಗೆ ಓಡಿಸಿದೆ ಎಂಬುದು ನನಗೆ ನೆನಪಿಲ್ಲ, ಅದು ನನ್ನ ಬೆನ್ನಿಗೆ ನೆನಪಿದೆ. ಪ್ರತಿ ಕುಳಿಗೂ ಮುರಿದ ಮಣಿಕಟ್ಟಿನ ನೋವಿಗೆ ಮಾವ ಹಲ್ಲು ಕಚ್ಚಿದ ಸದ್ದು ಹಿಂದಿನಿಂದ ಕೇಳುತ್ತಿತ್ತು. ಅಜ್ಜಿಯೊಬ್ಬಳೇ ಆರಾಮವಾಗಿದ್ದವಳು. ಗಾಳಿಗೆ ಮುಖವೊಡ್ಡಿ, "ಬಿಸ್ಲು ಎಲ್ಲಿಗ್ ಬಂತ್ಲಾ?" ಎಂದು ಮತ್ತೆಮತ್ತೆ ಕೇಳುತ್ತಿದ್ದಳು. ಬಿಸಿಲು ಬೇಗಬೇಗ ಏರುತ್ತಿತ್ತು. ನಾನು ಪ್ರತಿ ಸಲವೂ, "ಇನ್ನೂ ಎಳೇದು ಅಜ್ಜಿ," ಎನ್ನುತ್ತಿದ್ದೆ.

ಆಮೇಲೆ ಹಳ್ಳ ಬಂತು. ನಮ್ಮವರು ವಂಕ ಎನ್ನುತ್ತಾರೆ. ಅದರಲ್ಲಿ ನೀರು ಹರಿಯುವುದು ಅಪರೂಪ; ಉಳಿದಂತೆ ಆ ದಡದಿಂದ ಈ ದಡದವರೆಗೆ ಹಿಟ್ಟಿನಂಥ ಮರಳು. ಮೊದಲನೆಯ ಪಾಠದ ಪ್ರಕಾರ ನಾನು ಇಳಿದು ನಡೆಯಬೇಕಿತ್ತು. ಕೇಳಿದೆ ಕೂಡ. ಮಾವ ಸೂರ್ಯನನ್ನು ನೋಡಿ, "ಹೊತ್ತಿಲ್ಲ ಕಣ್ಲಾ. ಗಾಡಿ ಜಾಡು ಹಿಡ್ಕಂಡ್ ಹೋಗು," ಎಂದ. ಜಾಡು ಎರಡಾಗಿತ್ತು. ಒಂದು ತೆಳ್ಳಗೆ ಓರೆಯಾಗಿ ಹೋಗಿತ್ತು, ಇನ್ನೊಂದು ಆಳವಾಗಿ, ಅಗಲವಾಗಿ, ವರ್ಷಾನುಗಟ್ಟಲೆ ಸವೆದದ್ದು. ಗಾಡಿ ಹೊಡೆದ ವಂಶದವರು ಯಾವುದನ್ನು ಹಿಡಿಯುತ್ತಾರೆ ಹೇಳಿ. ದೊಡ್ಡದನ್ನೇ ಹಿಡಿದೆ. ಮಾವನೂ, "ಹಂಗೇ ಹೋಗು, ಹಂಗೇ," ಎಂದ.

ಜಾಡು ಸ್ವಲ್ಪ ದೂರ ಹೋಗಿ, ಆಚೆ ದಡದ ಕಡೆ ತಿರುಗುವ ಬದಲು ಈಚೆಗೇ ಬಾಗಿ, ಮೆತ್ತಗಾಗಿ, ಒಂದು ಚೆಲುಮೆಯ ಹತ್ತಿರ ಮುಗಿದುಹೋಯಿತು. ಚೆಲುಮೆ ಎಂದರೆ ಮರಳಿನಲ್ಲಿ ತೋಡಿದ ನೀರಿನ ಗುಂಡಿ. ಬಿಸಿಲಿನಲ್ಲಿ ಬರುವ ಗಾಡಿಗಳೆಲ್ಲ ಮೊದಲು ಅಲ್ಲಿಗೆ ಹೋಗಿ, ಎತ್ತು ಬಿಚ್ಚಿ, ನೀರು ಕುಡಿಸಿ, ಆಮೇಲೆ ದಾಟುವುದು ಪದ್ಧತಿ. ಅದಕ್ಕೇ ಆ ಜಾಡು ಅಷ್ಟು ಸವೆದಿದ್ದು. ಇದು ತಿಳಿದದ್ದು ಹಿಂದಿನ ಚಕ್ರಗಳು ಒದ್ದೆ ಮರಳಿನಲ್ಲಿ ಅಚ್ಚಿನವರೆಗೆ ಕೂತ ಮೇಲೆ. ಬೇರೆ ಊರಿನ ಡ್ರೈವರಾಗಿದ್ದರೆ ಎದುರು ದಡ ನೋಡಿಕೊಂಡು ನೆಟ್ಟಗೆ ಹೋಗಿರುತ್ತಿದ್ದ.

ಚೆಲುಮೆಯಲ್ಲಿ ಒಬ್ಬ ಹೆಂಗಸು ಸೋರೆ ಬುರುಡೆಯಿಂದ ಬಿಂದಿಗೆಗೆ ನೀರು ತುಂಬುತ್ತಿದ್ದಳು. ಜೀಪನ್ನು ಮೇಲಿಂದ ಕೆಳಗೆ ನೋಡಿ, "ಏಮಯ್ಯಾ, ಮೀ ಜೀಪು ಕೂಡಾ ನೀಳ್ಳು ತಾಗುತುಂದಾ?" ಎಂದು ತೆಲುಗಿನಲ್ಲಿ ಕೇಳಿದಳು, ನಿಮ್ಮ ಜೀಪೂ ನೀರು ಕುಡಿಯುತ್ತದಾ ಎಂದು.

ಆ ಹೊತ್ತಿಗೆ ಜೀಪಿನ ಮೂತಿಯಿಂದ ಆವಿ ಏಳುತ್ತಿತ್ತು. ಮಾವ ಅದನ್ನು ನೋಡಿ ಸೋತ ದನಿಯಲ್ಲಿ, "ಕುಡೀತದೆ ಕಣಮ್ಮ. ಒಂದ್ ಬುರ್ಡೆ ಕೊಡು," ಎಂದ. ಹಿಂದೆ ಅಜ್ಜಿ ಕೌದಿಯೊಳಗೆ ಮುಖವಿಟ್ಟು ನಗುವುದು ಕೇಳಿಸಿತು.

ಜೀಪು ನೀರು ಕುಡಿಯಿತು. ಇಂಜಿನ್ನು ಹಾಗೇ ಗುರುಗುಟ್ಟುತ್ತಿತ್ತು. ನಾನು ಟೈರುಗಳ ಗಾಳಿ ಅರ್ಧ ಬಿಟ್ಟೆ, ಮೆತ್ತಗಾದ ಟೈರು ಮರಳಿನ ಮೇಲೆ ಒಂಟೆಯ ಪಾದದಂತೆ ಹರಡಿಕೊಳ್ಳುತ್ತದೆ. ತಂಗಡಿ ಗಿಡ ಮುರಿದು ತಂದು ಚಕ್ರಗಳ ಹಿಂದೆ ಹಾಸಿದೆ. ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆದು ತೆಳ್ಳನೆಯ ಜಾಡು ಹಿಡಿಯಬೇಕು. ಉಳಿದದ್ದು ಭಾರ ಇಳಿಸುವುದು. ಭಾರ ಎಂದರೆ ಅಜ್ಜಿ.

"ಇಳಿಯಾಕಿಲ್ಲ," ಎಂದಳು ಅಜ್ಜಿ. ಈಗ ನಗು ಇರಲಿಲ್ಲ. "ಹೋದ್ ಸಲಾನೂ ಹಿಂಗೇ ಇಳ್ಸಿದ್ರಿ."

ಮಾವ ಬೇಡಿಕೊಂಡ, ಗದರಿದ. ಹೆಂಗಸು ತೆಲುಗಿನಲ್ಲಿ ಬುದ್ಧಿ ಹೇಳಿದಳು. ಅಜ್ಜಿ ಕೌದಿಯನ್ನು ಎರಡು ಕೈಯಲ್ಲೂ ಹಿಡಿದು ಕೂತುಬಿಟ್ಟಳು. ಅವಳ ಕಾಣದ ಕಣ್ಣಲ್ಲಿ ನೀರು ತುಂಬಿತ್ತು. ಹೊತ್ತು ಏರುತ್ತಿತ್ತು. ನನಗೆ ಬರುವ ವಿದ್ಯೆ ಒಂದೇ ಎಂದು ಮೊದಲೇ ಹೇಳಿದೆನಲ್ಲ. ನಾನು ಜೀಪಿನ ಪಕ್ಕಕ್ಕೆ ಹೋಗಿ ನಿಂತು, ಅಜ್ಜನ ದನಿ ತೆಗೆದೆ. ಅಜ್ಜ ಸತ್ತ ಮೇಲೆ ಆ ದನಿಯನ್ನು ನಾನು ಯಾರ ಎದುರೂ ತೆಗೆದಿರಲಿಲ್ಲ. ಹಳ್ಳ ಬಂದಾಗಲೆಲ್ಲ ಅವನು ಹೆಂಡತಿಗೆ ಹೇಳುತ್ತಿದ್ದ ಮಾತು ಮನೆಯಲ್ಲಿ ಎಲ್ಲರಿಗೂ ಗೊತ್ತು.

"ಇಳ್ಯೇ. ಎತ್ತು ಬಳಲವೆ."

ಮಾವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅಜ್ಜಿ ದನಿ ಬಂದ ಕಡೆ ತಲೆ ತಿರುಗಿಸಿದಳು.

"ಕೆಮ್ಮು ಮರ್ತೆ ಕಣ್ಲಾ," ಎಂದಳು. "ಆವಯ್ಯ ಮೊದ್ಲು ಕೆಮ್ಮಿ ಆಮೇಲೆ ಹೇಳಾನು." ಕೌದಿ ಬಿಟ್ಟು ಕೈ ಚಾಚಿದಳು. "ಹಿಡ್ಕೋ. ಎತ್ತು ಬಳಲಿದ್ರೆ ಇಳೀಲೇಬೇಕಲ್ಲ."

ನೀರಿನ ಹೆಂಗಸು ಬಿಂದಿಗೆ ಅಲ್ಲೇ ಬಿಟ್ಟು ಅಜ್ಜಿಯ ಕೈ ಹಿಡಿದು ಆಚೆ ದಡಕ್ಕೆ ನಡೆಸಿಕೊಂಡು ಹೋದಳು. ಜೀಪು ಹಿಂದಕ್ಕೆ ಬಂತು. ಈಗ ಮುಂದೆ. ಮಾವ ಕೋಲಿನಿಂದ ಮರಳು ಕುಟ್ಟಿ ನೋಡುತ್ತ ತೆಳ್ಳನೆಯ ಜಾಡಿನಲ್ಲಿ ಮುಂದೆ ಹೊರಟ. "ನನ್ ಹಿಂದೇನೇ ಬಾ. ನಡುವೆ ನಿಲ್ಸಿದ್ರೆ ಮತ್ತೆ ಹೂತ್ಕಂತದೆ," ಎಂದ. ಕೆರೆಯಂಗಳದಲ್ಲಿ ಅವನು ನಡೆಯುತ್ತಿದ್ದ. ಇಲ್ಲಿ ಮರಳು ನಡಿಗೆಯ ವೇಗಕ್ಕೆ ಒಪ್ಪುವುದಿಲ್ಲ. ಅದು ಅವನಿಗೆ ತಿಳಿದ ಕೂಡಲೇ ಪಂಚೆ ಎತ್ತಿ ಕಟ್ಟಿ ಓಡಲು ಶುರು ಮಾಡಿದ. ಎದೆಗೆ ಕಟ್ಟಿದ ಕೈ, ಮರಳಿನಲ್ಲಿ ಹೂಳುವ ಕಾಲು, ಆದರೂ ತಿರುಗಿ ನೋಡದ ಆ ಬೆನ್ನು. ನಿಲ್ಲಿಸಿದರೆ ಅಜ್ಜಿಯ ಕಣ್ಣು ಹೋಯಿತು. ನಿಲ್ಲಿಸದೆ ಮಾವ ಎಡವಿದರೆ ಮಾವ. ಒಮ್ಮೆ ಅವನು ತೂರಾಡಿದ. ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು. ಹಿಂದಿನ ಚಕ್ರ ಮರಳು ಕಚ್ಚುವುದು ತಿಳಿಯಿತು. ಅವನು ಸಾವರಿಸಿಕೊಂಡು ಓಡಿದ, ನಾನು ಕಾಲು ತೆಗೆದೆ. ದಡ ಸಿಕ್ಕ ಕೂಡಲೇ ಅವನು ಪಕ್ಕಕ್ಕೆ ಉರುಳಿಕೊಂಡ. ಜೀಪು ಗರ್ಜಿಸಿ ಏರಿತು.

ಮೇಲೆ ನಿಂತಾಗ ನನ್ನ ಬೆರಳುಗಳನ್ನು ಸ್ಟೇರಿಂಗಿನಿಂದ ಬಿಡಿಸಲು ಮಾವನೇ ಬರಬೇಕಾಯಿತು. ಹೆಬ್ಬೆರಳು ಮಾತ್ರ ಹೊರಗಿದ್ದವು. ಅವನು ಏದುಸಿರು ಬಿಡುತ್ತ ಅವುಗಳನ್ನೇ ನೋಡಿ, "ಅದೊಂದ್ ಕಲ್ತಿದ್ದೀಯ," ಎಂದ.

ಛತ್ರದ ಬಾಗಿಲು ಹಾಕಲು ಹೊರಟಿದ್ದವರು ನಮ್ಮ ಧೂಳು ನೋಡಿ ತಡೆದರು. ಡಾಕ್ಟರು ಅಜ್ಜಿಯ ಕಣ್ಣನ್ನು ನೋಡಿ ಪೊರೆ ತೆಗೆದರು, ಮಾವನ ಕೈಯನ್ನೂ ಕಟ್ಟಿಸಿದರು. ನನ್ನನ್ನು ಯಾರೂ ನೋಡಲಿಲ್ಲ. ನೋಡಿದ್ದರೆ ನನ್ನನ್ನೂ ಮಲಗಿಸುತ್ತಿದ್ದರು.

ಪಟ್ಟಿ ಬಿಚ್ಚಿ, ದಪ್ಪ ಕನ್ನಡಕ ಹಾಕಿದ ದಿನ ಅಜ್ಜಿಯ ಮುಂದೆ ನನ್ನನ್ನು ನಿಲ್ಲಿಸಿದರು. ಆಗ ನನಗಿದ್ದ ಮೀಸೆ ದೂರದಿಂದ ಕಾಣುವಂಥದ್ದಲ್ಲ, ಹತ್ತಿರದಿಂದಲೂ ನಂಬಿಕೆ ಬೇಕಿತ್ತು. ಅಜ್ಜಿ ನನ್ನ ತೋಳು ಹಿಡಿದು ನೋಡಿದಳು, ಮುಖ ನೋಡಿದಳು, ಆಮೇಲೆ ಗಾಬರಿಯಿಂದ ಮಾವನ ಕಡೆ ತಿರುಗಿದಳು.

"ಈ ಹುಡ್ಗನ್ ಕೈಗಾ ನನ್ನ ಕೊಟ್ಟಿದ್ದು ನೀನು?"

ಅಂದಿನಿಂದ ಅವಳು ಜೀಪು ಹತ್ತಲಿಲ್ಲ. ಕಾಣದಿದ್ದಾಗ ಗಾಳಿಗೆ ಮುಖವೊಡ್ಡಿ ಕೂತವಳು, ಕಂಡ ಮೇಲೆ ಜೀಪಿನ ಸದ್ದಿಗೇ ಜಗಲಿಯಿಂದ ಎದ್ದು ಒಳಗೆ ಹೋಗುತ್ತಿದ್ದಳು. ಎಡಗಣ್ಣಿನ ಪೊರೆಯೂ ಬಲಿಯಿತು. ಮಾಡಿಸೋಣ ಎಂದರೆ, "ನಿಮ್ಮನ್ನೆಲ್ಲ ನೋಡಾಕೆ ಒಂದೇ ಹೆಚ್ಚು," ಎಂದು ವರ್ಷ ವರ್ಷವೂ ಮುಂದೂಡಿದಳು. ಈಗ ಆ ಕಣ್ಣು ನೋಯಲು ತೊಡಗಿದೆ. ಡಾಕ್ಟರು ಕಲ್ಯಾಣದುರ್ಗಕ್ಕೆ ಬಂದಿದ್ದಾರೆ. ಅದಕ್ಕೇ ಮೊನ್ನೆ ಆ ಸುಟ್ಟ ವಾಸನೆ ನನ್ನನ್ನು ಅಷ್ಟು ಅಲ್ಲಾಡಿಸಿದ್ದು; ಮರುದಿನ ನಸುಕಿಗೇ ನಾನು ಹಳ್ಳಿಗೆ ಹೊರಡುವವನಿದ್ದೆ.

ನಿನ್ನೆ ಬೆಳಿಗ್ಗೆ ಜೀಪನ್ನು ಅವಳ ಬಾಗಿಲಿಗೆ ತಂದು ನಿಲ್ಲಿಸಿದೆ. ಈಗ ನನ್ನ ಹತ್ತಿರ ಲೈಸೆನ್ಸಿದೆ, ಕಾಣುವಂಥ ಮೀಸೆಯೂ ಇದೆ. ಅಜ್ಜಿ ಬಂದು ಎಲ್ಲವನ್ನೂ ನೋಡಿದಳು, ಚಕ್ರ, ಹಗ್ಗ, ಸಲಿಕೆ, ನೀರಿನ ಡಬ್ಬ, ನಾನು. ಹಿಂದೆ ಹಾಸಿದ್ದ ಕೌದಿಯ ಕಡೆ ತಿರುಗಿಯೂ ನೋಡದೆ ಮುಂದಿನ ಸೀಟಿಗೆ ಕೈ ತೋರಿಸಿದಳು.

"ಮುಂದೆ ಕೂತ್ರೆ ಭಯ ಆಯ್ತದೆ ಅಜ್ಜಿ."

"ಆಗ್ಲಿ. ಆದಾಗ ಹೇಳ್ತೀನಿ, ನಿಲ್ಸು." ಸೆರಗು ಬಿಗಿದು ಹತ್ತಿ ಕೂತಳು. ಕಬ್ಬಿಣದ ಕಂಬಿಯನ್ನು ಹಿಡಿದ ಅವಳ ಬೆರಳುಗಳು ಬೆಳ್ಳಗಾಗಿದ್ದವು. "ನಿಂಗಾದ್ರೆ ನೀನೂ ಹೇಳು. ತಮಾಷೆ ಮಾಡ್ಬ್ಯಾಡ."

ನಾಲಗೆಯ ತುದಿಗೆ ಸಾಹುಕಾರರು ಬಂದರು, ಮೇಷ್ಟರು ಬಂದರು, ಮಾವ ಬಂದ. ಎಲ್ಲರನ್ನೂ ಹಿಂದಕ್ಕೆ ಕಳಿಸಿದೆ.

"ನಂಗೆ ಈಗ್ಲೇ ಆಗ್ತೈತೆ ಅಜ್ಜಿ," ಎಂದೆ.

ಅವಳು ಕನ್ನಡಕ ಸರಿಮಾಡಿಕೊಂಡು ಮುಂದಿನ ದಾರಿಯನ್ನು ನೋಡಿದಳು. "ನಂಗೂವೆ," ಎಂದಳು. "ಹೊರ್ಡು, ಮೆಲ್ಲಕೆ."